ಬೆಂಗಳೂರಿನ ಗುರುತುಗಳು: ಅಲ್ಲೇ ಯಾಕೆ ಕಟ್ಟಿದರು, ಮೊದಲು ಅಲ್ಲಿ ಏನಿತ್ತು?

ಭಾನುವಾರದ ನಡಿಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಹನ್ನೆರಡು ಮಕ್ಕಳಿಗೆ ಒಂದು ಭಾನುವಾರ ಊರು ತೋರಿಸುತ್ತೇನೆಂದು ಒಪ್ಪಿಕೊಂಡಿದ್ದೇನೆ. ಎಂಟರಿಂದ ಹದಿಮೂರು ವರ್ಷದೊಳಗಿನವರು. ಎಲ್ಲರೂ ಇಲ್ಲೇ ಹುಟ್ಟಿದವರು, ವಿಧಾನಸೌಧವನ್ನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದವರು. ಮೊನ್ನೆ ಅವರಲ್ಲಿ ಒಬ್ಬಳು ಕೇಳಿದಳು: "ವಿಧಾನಸೌಧವನ್ನು ಅಲ್ಲೇ ಯಾಕೆ ಕಟ್ಟಿದರು? ಬೇರೆ ಕಡೆ ಜಾಗ ಇರಲಿಲ್ಲವಾ?" ಕಟ್ಟಿಸಿದವರ ಹೆಸರು ನನಗೆ ಗೊತ್ತಿತ್ತು, ಅವಳು ಕೇಳಿದ್ದು ಅದನ್ನಲ್ಲ. ಎರಡು ದಿನವಾದರೂ ಆ ಪ್ರಶ್ನೆ ತಲೆಯಿಂದ ಹೋಗಿಲ್ಲ.

ಬಲ್ಲವರು ಹೇಳಿ. ಊರಿನ ಹೆಸರಾಂತ ಗುರುತುಗಳು ಹೇಗೆ ಹುಟ್ಟಿದವು, ಆ ಜಾಗದಲ್ಲೇ ಯಾಕೆ ನಿಂತವು? ಒಂದು ಕೋರಿಕೆ: ಕಥೆ ಯಾವುದು, ದಾಖಲೆ ಯಾವುದು ಎಂಬುದನ್ನು ಬೇರೆ ಮಾಡಿ ತಿಳಿಸಿ. ಮಕ್ಕಳ ಮುಂದೆ ತಪ್ಪು ಹೇಳಲು ನನಗೆ ಇಷ್ಟವಿಲ್ಲ.

ಹಳೆಯ ಕಡತ

ನಾನು ಆ ಕಟ್ಟಡದೊಳಗೆ ಇಪ್ಪತ್ತೆಂಟು ವರ್ಷ ಕಡತ ಹೊತ್ತು ಓಡಾಡಿದವನು, ಹಾಗಾಗಿ ವಿಧಾನಸೌಧದಿಂದಲೇ ಆರಂಭಿಸುತ್ತೇನೆ.

ಜವಾಹರಲಾಲ್ ನೆಹರೂ 1951ರ ಜುಲೈ 13ರಂದು ಅಡಿಗಲ್ಲು ಹಾಕಿದರು. ಆಗ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ. ಅಂದು ಮನಸ್ಸಿನಲ್ಲಿದ್ದದ್ದು ಈಗಿರುವ ಸೌಧವಲ್ಲ, ಅದಕ್ಕಿಂತ ಬಹಳ ಚಿಕ್ಕದಾದ ಸರಳ ಕಟ್ಟಡ. 1952ರಲ್ಲಿ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಆ ನಕ್ಷೆಯನ್ನೇ ಬದಲಿಸಿದರು. ದ್ರಾವಿಡ ದೇವಾಲಯಗಳ ಕಂಬ, ಬೋದಿಗೆ, ಕಪೋತಗಳೆಲ್ಲ ಸರ್ಕಾರಿ ಕಟ್ಟಡಕ್ಕೆ ಬಂದದ್ದು ಅವರ ಹಟದಿಂದ. ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಆ ಹಟವನ್ನು ನಕ್ಷೆಗೆ ಇಳಿಸಿದರು. ಉದ್ದ 700 ಅಡಿ, ಅಗಲ 350 ಅಡಿ. ಮುಂಭಾಗದ ಹನ್ನೆರಡು ಕಂಬಗಳು ಒಂದೊಂದೂ 40 ಅಡಿ ಎತ್ತರ. ಸಾವಿರಾರು ಕೂಲಿಗಳು, ಕಲ್ಲುಕುಟಿಗರು ದುಡಿದರು. ಅವರಲ್ಲಿ ಸೆರೆಮನೆಯ ಕೈದಿಗಳೂ ಇದ್ದರು. 1956ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಆದ ಖರ್ಚು ಸುಮಾರು 1.8 ಕೋಟಿ ರೂಪಾಯಿ. ಅದೇ ವರ್ಷ ಹನುಮಂತಯ್ಯನವರು ಅಧಿಕಾರದಿಂದ ಇಳಿಯಬೇಕಾಯಿತು. ತಾನು ಕಟ್ಟಿಸಿದ ಸೌಧದಲ್ಲಿ ಮುಖ್ಯಮಂತ್ರಿಯಾಗಿ ಕುಳಿತು ಆಳುವ ಭಾಗ್ಯ ಅವರಿಗೆ ಸಿಗಲಿಲ್ಲ. ಈ ಮಾತನ್ನು ಬರೆಯುವಾಗ ಇಂದಿಗೂ ನನಗೆ ಸಂಕಟವಾಗುತ್ತದೆ.

ಹುಡುಗಿ ಕೇಳಿದ್ದಕ್ಕೆ ಉತ್ತರ: ಎದುರಿಗೆ ಅಠಾರ ಕಚೇರಿ, ಅಂದರೆ ಈಗಿನ ಹೈಕೋರ್ಟ್ ಕಟ್ಟಡ, ಇತ್ತು. ಸೌಧ ಏಳುವವರೆಗೆ ಶಾಸನಸಭೆ ಸೇರುತ್ತಿದ್ದುದು ಆ ಕೆಂಪು ಕಟ್ಟಡದಲ್ಲೇ. ಸಭೆ ರಸ್ತೆ ದಾಟಿ ಈಚೆಗೆ ಬಂತು, ಅಷ್ಟೇ.

ಮಕ್ಕಳು ತಳಪಾಯದ ಹತ್ತಿರದ ಕಲ್ಲುಗಳನ್ನು ಬೆಳಗಿನ ಓರೆ ಬಿಸಿಲಿನಲ್ಲಿ ನೋಡುವಂತೆ ಮಾಡಿ. ದೂರದಿಂದ ನುಣುಪಾಗಿ ಕಾಣುವ ಗೋಡೆಯಲ್ಲಿ ಉಳಿಯ ಏಟುಗಳು ಸಾಲುಸಾಲಾಗಿ, ಅಕ್ಕಿ ಚೆಲ್ಲಿದಂತೆ ಕಾಣುತ್ತವೆ. ಮಧ್ಯಾಹ್ನ ಹೋದರೆ ಅವು ಮಾಯ.

ಕಲ್ಲು ಕಬ್ಬಿಣ

ರಷ್ಯಾದಿಂದ ಬಂದ ನಿಯೋಗವೊಂದು "ನಿಮ್ಮದೇ ವಾಸ್ತುಶಿಲ್ಪ ಅನ್ನುವುದು ಇಲ್ಲವೇ, ಎಲ್ಲ ಯುರೋಪಿನ ಕಟ್ಟಡಗಳೇ ಇವೆಯಲ್ಲ" ಎಂದು ಕೇಳಿತು, ಅದರಿಂದ ಮನಸ್ಸಿಗೆ ತಾಗಿ ಹನುಮಂತಯ್ಯನವರು ನಕ್ಷೆ ಬದಲಿಸಿದರು ಅನ್ನುತ್ತಾರೆ. ಇದು ಕಥೆಯೋ ನಿಜವೋ?

ಹಳೆಯ ಕಡತ

ಅದನ್ನು ಹೇಳಿದವರು ಸ್ವತಃ ಹನುಮಂತಯ್ಯನವರೇ. ಹಾಗಾಗಿ ಅವರ ಮಾತು ಎಂದೇ ಮಕ್ಕಳಿಗೆ ಹೇಳಬಹುದು. ಒಂದು ಪ್ರಶ್ನೆಯಿಂದ ಇಡೀ ಕಟ್ಟಡ ಹುಟ್ಟಿತು ಎಂದು ಮಾತ್ರ ಹೇಳಬೇಡಿ. ಸ್ವಾತಂತ್ರ್ಯ ಬಂದು ಐದು ವರ್ಷವೂ ತುಂಬಿರಲಿಲ್ಲ. ಎದುರಿಗೆ ಬ್ರಿಟಿಷರ ಕಂಬಸಾಲು ನಿಂತಿರುವಾಗ ಈಚೆಗೆ ಏನು ಕಟ್ಟಬೇಕು ಎಂಬುದು ಆ ಕಾಲದ ಎಲ್ಲರ ಪ್ರಶ್ನೆಯಾಗಿತ್ತು. ಮುಂಬಾಗಿಲ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಕೆತ್ತಿಸಿದ ಮನುಷ್ಯ ಅದಕ್ಕೆ ತನ್ನ ಉತ್ತರ ಕೊಟ್ಟರು.

ಕರಿಕೋಟು

ಆ "ಬ್ರಿಟಿಷರ ಕಂಬಸಾಲಿ"ನ ಪರವಾಗಿ ನಾನೂ ನಾಲ್ಕು ಮಾತು ಹೇಳಬೇಕು. ವಕೀಲಿಕೆ ಶುರು ಮಾಡಿದ ದಿನದಿಂದ ಅದೇ ಮೊಗಸಾಲೆಯಲ್ಲಿ ನಿಂತಿದ್ದೇನೆ.

ಹಿಂದುಸ್ತಾನಿಯಲ್ಲಿ ಅಠಾರ ಎಂದರೆ ಹದಿನೆಂಟು. ಸರ್ಕಾರದ ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಇದ್ದದ್ದರಿಂದ ಆ ಹೆಸರು. 1864ರಲ್ಲಿ ಆರಂಭವಾಗಿ 1868ರಲ್ಲಿ ಮುಗಿಯಿತು. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ನಕ್ಷೆ ಬರೆದರು, ಗುತ್ತಿಗೆ ಹಿಡಿದು ಕಟ್ಟಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಇಂದು ಅದು ಹೈಕೋರ್ಟ್. 1980ರ ದಶಕದಲ್ಲಿ ಅದನ್ನು ಕೆಡವಿ ಹೊಸದು ಕಟ್ಟುವ ಪ್ರಸ್ತಾವ ಬಂದಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಹತ್ತಿದ ಮೆಟ್ಟಿಲು ಅದೇ ಕಟ್ಟಡದ್ದು. ಕಟ್ಟಡ ಉಳಿಯಿತು. ನನಗೆ ವಿಧಾನಸೌಧಕ್ಕಿಂತ ಇದೇ ಹೆಚ್ಚು ಚೆಂದ. ಸೌಧ ನಮ್ಮನ್ನು ಕತ್ತೆತ್ತಿಸುತ್ತದೆ, ಇದು ಪಕ್ಕದಲ್ಲಿ ನಡೆಯಲು ಬಿಡುತ್ತದೆ.

ಇನ್ನು, ಇದು ಅಲ್ಲೇ ಯಾಕೆ? ಅಂದಿನ ಬೆಂಗಳೂರು ಒಂದಾಗಿರಲಿಲ್ಲ. ಪಶ್ಚಿಮಕ್ಕೆ ಕೆಂಪೇಗೌಡರ ಪೇಟೆ, ಪೂರ್ವಕ್ಕೆ 1809ರ ಹೊತ್ತಿಗೆ ತಳವೂರಿದ್ದ ದಂಡು, ಅಂದರೆ ಬ್ರಿಟಿಷ್ ಸೇನೆಯ ನೆಲೆ. ಎರಡಕ್ಕೂ ಬೇರೆ ಬೇರೆ ಆಡಳಿತ. ಅವೆರಡೂ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ನಡುವೆ ಬಯಲಿತ್ತು. ಆ ಬಯಲಿನಲ್ಲಿ ಕಚೇರಿ, ಅದರ ಹಿಂದೆ 1870ರಲ್ಲಿ ಉದ್ಯಾನ. ಎರಡನ್ನೂ ರೂಪಿಸಿದವರು ಅದೇ ಸ್ಯಾಂಕಿ.

ಭಾನುವಾರದ ನಡಿಗೆ

ಹಾಗಾದರೆ ಅವಳು ಮುಂದಿನ ಪ್ರಶ್ನೆ ಕೇಳಿಯೇ ಕೇಳುತ್ತಾಳೆ: ಅಠಾರ ಕಚೇರಿಗಿಂತ ಮೊದಲು ಆ ಹದಿನೆಂಟು ಇಲಾಖೆಗಳು ಎಲ್ಲಿದ್ದವು? ರಾಜರು ಮೈಸೂರಿನಲ್ಲಿದ್ದರಲ್ಲ, ಕಚೇರಿ ಇಲ್ಲೇಕೆ?

ಕರಿಕೋಟು

1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡು ಕಮಿಷನರುಗಳನ್ನು ನೇಮಿಸಿದರು. ಕಮಿಷನರುಗಳು ಕೂತದ್ದು ದಂಡಿನ ಆಸರೆಯಿದ್ದ ಬೆಂಗಳೂರಿನಲ್ಲಿ. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಆ ಹುದ್ದೆಯಲ್ಲಿದ್ದರು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು, ಆದರೆ ಆಡಳಿತದ ಕಚೇರಿಗಳು ಇಲ್ಲೇ ಉಳಿದವು. ನಾವು ಇಂದು ರಾಜಧಾನಿ ಎನ್ನುವುದರ ಮೂಲ ಅಲ್ಲಿದೆ.

ಕಚೇರಿಗಳು ಮೊದಲಿಗೆ ಇದ್ದದ್ದು ಕೋಟೆಯೊಳಗಿನ ಟಿಪ್ಪು ಅರಮನೆಯಲ್ಲಿ. 1868ರಲ್ಲಿ ಅಲ್ಲಿಂದ ಇಲ್ಲಿಗೆ ಬಂದವು.

ಕೋಟೆ ಬಾಗಿಲು

ನನ್ನ ಮನೆ ಆ ಅರಮನೆಯಿಂದ ಕೂಗಳತೆಯಲ್ಲಿದೆ, ಮುಂದಿನದನ್ನು ನನಗೆ ಬಿಡಿ.

ಅರಮನೆಯನ್ನು 1781ರಲ್ಲಿ ಹೈದರಾಲಿ ಆರಂಭಿಸಿದ, 1791ರಲ್ಲಿ ಟಿಪ್ಪು ಮುಗಿಸಿದ. ತೇಗದ ಕಂಬಗಳು, ಕಮಾನುಗಳು, ಮೇಲಂತಸ್ತಿನಿಂದ ಮುಂದೆ ಚಾಚಿದ ಕೈಸಾಲೆ. ಮರದ ತೊಲೆಯ ಮೇಲೆ ಪಾರಸಿಯಲ್ಲಿ "ಸ್ವರ್ಗಕ್ಕೂ ಅಸೂಯೆ ತರುವಂಥದ್ದು" ಎಂಬ ಅರ್ಥದ ಬರಹವಿದೆ. ಮುಗಿದ ವರ್ಷವನ್ನು ಗಮನಿಸಿ. ಅದೇ 1791ರ ಮಾರ್ಚ್ 21ರ ರಾತ್ರಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೇನೆ ಕೋಟೆಯ ಗೋಡೆ ಒಡೆದು ಒಳನುಗ್ಗಿತು.

ಕೋಟೆ ಮೊದಲು ಕೆಂಪೇಗೌಡರ ಕಾಲದ ಮಣ್ಣಿನ ಕೋಟೆ. 1761ರಲ್ಲಿ ಹೈದರ್ ಕಲ್ಲಿನಲ್ಲಿ ಕಟ್ಟಿಸಿದ. ಇಂದು ಉಳಿದಿರುವುದು ದಿಲ್ಲಿ ಬಾಗಿಲು, ಅದರ ಅಕ್ಕಪಕ್ಕದ ಸ್ವಲ್ಪ ಗೋಡೆ, ಒಳಗಡೆ ಒಂದು ಗಣಪತಿ ಗುಡಿ, ಇಷ್ಟೇ. ಉಳಿದದ್ದು ರಸ್ತೆಗಳ ಕೆಳಗೆ, ಕಟ್ಟಡಗಳ ಕೆಳಗೆ ಹೋಯಿತು. ಗೋಡೆಯ ಹೊರಮೈಯಲ್ಲಿ ಒಂದು ಫಲಕವಿದೆ, ಈ ಬಿರುಕಿನ ಮೂಲಕವೇ 1791ರಲ್ಲಿ ದಾಳಿ ನಡೆಯಿತು ಎಂದು ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ. ಪಕ್ಕದಲ್ಲೇ ಬಸ್ಸುಗಳು ಹೊಗೆ ಉಗುಳುತ್ತ ಹೋಗುತ್ತವೆ. ನಾನು ಮಗುವಾಗಿದ್ದಾಗ ತಂದೆ ಆ ಫಲಕ ಓದಿಸಿ, "ಇದು ಗೆದ್ದವರು ಬರೆದದ್ದು, ಸೋತವರ ಫಲಕ ಎಲ್ಲಿದೆ ಹುಡುಕು" ಎಂದಿದ್ದರು. ಇಂದಿಗೂ ಆ ಗೋಡೆ ದಾಟುವಾಗ ಕಣ್ಣು ಹುಡುಕುತ್ತದೆ.

ಪಾರ್ಕಿನ ಬೆಂಚು

ಗೆದ್ದವರ ಫಲಕದ ಮಾತು ಬಂದದ್ದರಿಂದ ಹೇಳುತ್ತೇನೆ. 1791ರ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಸೈನಿಕರಿಗಾಗಿ ಹಡ್ಸನ್ ವೃತ್ತದ ಬಳಿ ಎತ್ತರದ ಸ್ಮಾರಕ ಸ್ತಂಭವಿತ್ತು. ಕನ್ನಡ ಚಳವಳಿಗಾರರ ಒತ್ತಾಯದ ನಂತರ 1964ರಲ್ಲಿ ಅದನ್ನು ಕೆಡವಿದರು. ಈಗ ಪಾಲಿಕೆ ಕಚೇರಿಯ ಹತ್ತಿರ ಕೆಂಪೇಗೌಡರ ಪ್ರತಿಮೆ ನಿಂತಿದೆ.

ಕಬ್ಬನ್ ಪಾರ್ಕಿನ ಹೆಸರು ಇನ್ನೊಂದು ಕಥೆ. ಅದು ಮೊದಲು ಮೀಡ್ ಪಾರ್ಕ್, ಆಗ ಕಮಿಷನರ್ ಸ್ಥಾನದಲ್ಲಿದ್ದ ಜಾನ್ ಮೀಡ್ ಹೆಸರಿನಲ್ಲಿ. ಆಮೇಲೆ ಕಬ್ಬನ್ ಪಾರ್ಕ್ ಆಯಿತು. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ, ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಅಧಿಕೃತವಾಗಿ ಹೆಸರಿಟ್ಟರು. ಜನ ಮಾತ್ರ ಕಬ್ಬನ್ ಪಾರ್ಕ್ ಬಿಡಲಿಲ್ಲ. ಕಬ್ಬನ್‌ರ ಕುದುರೆ ಸವಾರಿಯ ಪ್ರತಿಮೆ ಹೈಕೋರ್ಟಿನ ಮುಂದೆ ಇತ್ತು, 2020ರಲ್ಲಿ ಅದನ್ನು ಉದ್ಯಾನದೊಳಕ್ಕೆ ಸಾಗಿಸಿದರು. 1906ರಲ್ಲಿ ವೇಲ್ಸ್ ರಾಜಕುಮಾರ, ಅಂದರೆ ಮುಂದೆ ಐದನೇ ಜಾರ್ಜ್ ಆದವನು, ಅನಾವರಣ ಮಾಡಿದ ವಿಕ್ಟೋರಿಯಾ ರಾಣಿಯ ಅಮೃತಶಿಲೆ ಇನ್ನೂ ತನ್ನ ಜಾಗದಲ್ಲೇ ಇದೆ.

ಸ್ಮಾರಕ ಸ್ತಂಭವನ್ನು ಕೆಡವಿದ್ದು ಸರಿಯೆಂದು ನನಗೆ ಅನ್ನಿಸುವುದಿಲ್ಲ. ಇದ್ದಿದ್ದರೆ ಅದರ ಎದುರಿಗೆ ನಿಂತು ಸೋತವರ ಕಥೆಯನ್ನೂ ಹೇಳಬಹುದಿತ್ತು.

ಪೇಟೆಯ ಮಗಳು

ನಾನು ಒಪ್ಪುವುದಿಲ್ಲ. ನಮ್ಮ ಪೇಟೆಯನ್ನು ಲೂಟಿ ಮಾಡಿದವರ ಸ್ಮಾರಕವನ್ನು ಪೇಟೆಯ ಬಾಗಿಲಲ್ಲೇ ನೂರು ವರ್ಷಕ್ಕೂ ಹೆಚ್ಚು ಕಾಲ ಹೊತ್ತಿದ್ದೆವು. ಇಳಿಸಿದ್ದು ತಪ್ಪಲ್ಲ. ಕಾರ್ನ್‌ವಾಲಿಸ್ ಕೋಟೆಗೆ ಮುಂಚೆ ಪೇಟೆಯನ್ನು ಹಿಡಿದ. ಆ ಗಲ್ಲಿಗಳಲ್ಲಿ ಸತ್ತವರಿಗೆ ಒಂದು ಕಲ್ಲೂ ಇಲ್ಲ.

ಊರಿನ ಮೊದಲ ಗುರುತು ಯಾವುದೆಂದು ನನ್ನನ್ನು ಕೇಳಿದರೆ ಯಾವ ಕಟ್ಟಡವೂ ಅಲ್ಲ, ಒಂದು ಕೂಡುದಾರಿ ಎನ್ನುತ್ತೇನೆ. ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಸೇರುವ ಜಾಗ. ದೊಡ್ಡಪೇಟೆಯನ್ನು ಈಗ ಅವೆನ್ಯೂ ರಸ್ತೆ ಅನ್ನುತ್ತಾರೆ. 1537ರಲ್ಲಿ ಯಲಹಂಕದ ಪ್ರಭು ಕೆಂಪೇಗೌಡರು ಅಲ್ಲಿ ನಾಲ್ಕು ಜೋಡಿ ಎತ್ತುಗಳಿಗೆ ನೇಗಿಲು ಕಟ್ಟಿಸಿ ನಾಲ್ಕು ದಿಕ್ಕಿಗೆ ಹೊಡೆಸಿದರು, ನೇಗಿಲ ಗೆರೆಗಳೇ ಬೀದಿಗಳಾದವು ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಎತ್ತುಗಳ ಕಥೆಗೆ ದಾಖಲೆ ಕೇಳಬೇಡಿ. ಆದರೆ ಬೀದಿಗಳು ಇಂದಿಗೂ ನಾಲ್ಕು ದಿಕ್ಕಿಗೆ ಹಾಗೇ ಇವೆ. ಸುತ್ತ ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ತಿಗಳರಪೇಟೆ, ಕುಂಬಾರಪೇಟೆ. ಯಾರು ಏನು ಮಾಡುತ್ತಿದ್ದರು ಎಂಬುದು ಹೆಸರಿನಲ್ಲೇ ಇದೆ.

ನಿವೃತ್ತ ಶಿಕ್ಷಕ

ಮಕ್ಕಳಿಗೆ ಬೆಂದಕಾಳೂರಿನ ಕಥೆಯನ್ನು ಹೇಳದೆ ಬಿಡಬೇಡಿ. ಹೊಯ್ಸಳ ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿದ, ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು. ನಾನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಇಡೀ ತರಗತಿ ಉಸಿರು ಬಿಗಿಹಿಡಿದು ಕೇಳುತ್ತದೆ.

ಶಾಸನದ ಸಾಲು

ಹೇಳಿ, ಜೊತೆಗೆ ಬೇಗೂರಿನ ಕಲ್ಲನ್ನೂ ಹೇಳಿ. ಎರಡನೇ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ನಾಗೇಶ್ವರ ದೇವಸ್ಥಾನದ ವೀರಗಲ್ಲು ಸುಮಾರು ಕ್ರಿ.ಶ. 900ರದ್ದು, ಗಂಗರ ಕಾಲದ್ದು. ಅದರಲ್ಲಿ "ಬೆಂಗಳೂರ ಕಾಳಗ"ದ ಮಾತಿದೆ. ಗಂಗರ ಅಧಿಕಾರಿ ನಾಗತ್ತರನ ಕಡೆಯ ಬುಟ್ಟಣಸೆಟ್ಟಿ ಆ ಕಾಳಗದಲ್ಲಿ ಮಡಿದ. ಬಲ್ಲಾಳ ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಮೊದಲೇ ಊರಿಗೆ ಆ ಹೆಸರಿತ್ತು ಎಂದ ಮೇಲೆ ಕಾಳಿನಿಂದ ಹೆಸರು ಬಂತು ಎನ್ನಲು ಆಗುವುದಿಲ್ಲ.

ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಇನ್ನೂ ಹಳೆಯದು, ಸುಮಾರು ಕ್ರಿ.ಶ. 750ರದ್ದು, ಗಂಗ ದೊರೆ ಶ್ರೀಪುರುಷನ ಕಾಲ. ಊರಿನವರು ಕನ್ನಡದಲ್ಲಿ ಬರೆಸಿಕೊಂಡು ಹನ್ನೆರಡು ಶತಮಾನಕ್ಕೂ ಹೆಚ್ಚಾಯಿತು.

ಬೇಗೂರಿನ ಆ ಕಲ್ಲನ್ನು ನಾನು ಮೊದಲು ನೋಡಿದ್ದು ಒಂದು ಮಳೆಗಾಲದ ಸಂಜೆ. ಅಕ್ಷರ ಸವೆದಿತ್ತು, ಕಣ್ಣಿಗೆ ಹಿಡಿಯಲಿಲ್ಲ. ಜೊತೆಗಿದ್ದ ಹಿರಿಯರು ಮೊಬೈಲಿನ ಟಾರ್ಚನ್ನು ಕಲ್ಲಿನ ಮೈಗೆ ತಾಗಿಸುವಷ್ಟು ಓರೆಯಾಗಿ ಹಿಡಿದರು. ತಟ್ಟನೆ ಸಾಲುಗಳ ಅಂಚಿಗೆ ನೆರಳು ಬಿತ್ತು, "ಬೆಂ" ಎದ್ದು ಬಂತು, ಆಮೇಲೆ "ಗ". ಕಣ್ಣಲ್ಲಿ ನೀರು ಬಂದದ್ದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ನಿವೃತ್ತ ಶಿಕ್ಷಕ

ಶಾಸನ ನನಗೂ ಗೊತ್ತು. ಆದರೂ ಮಗುವಿಗೆ ಕಾಳಗದಲ್ಲಿ ಸತ್ತವನಿಗಿಂತ ಕಾಳು ಕೊಟ್ಟ ಮುದುಕಿ ಹತ್ತಿರದವಳು. ಎರಡನ್ನೂ ಹೇಳೋಣ, ಕಥೆಯನ್ನು ಕಥೆಯೆಂದೇ ಹೇಳೋಣ.

ನನಗೆ ಹೇಳಲು ಕಷ್ಟವಾಗುವುದು ಲಕ್ಷ್ಮಮ್ಮನ ಕಥೆ. ಕೋಟೆಯ ದಕ್ಷಿಣ ಬಾಗಿಲು ಎಷ್ಟು ಸಲ ನಿಲ್ಲಿಸಿದರೂ ಬೀಳುತ್ತಿತ್ತು, ಗರ್ಭಿಣಿಯ ಬಲಿ ಬೇಕೆಂದರು, ಕೆಂಪೇಗೌಡರು ಒಪ್ಪಲಿಲ್ಲ, ಅವರ ಸೊಸೆ ರಾತ್ರೋರಾತ್ರಿ ಹೋಗಿ ತನ್ನನ್ನೇ ಕೊಟ್ಟುಕೊಂಡಳು ಎಂಬ ಐತಿಹ್ಯ. ಕೋರಮಂಗಲದಲ್ಲಿ ಅವಳ ಗುಡಿಯಿದೆ. ತ್ಯಾಗ ಎಂದು ಹಾಡಿ ಹೊಗಳುವ ರೀತಿಯಲ್ಲಿ ಎಂಟು ವರ್ಷದ ಹುಡುಗಿಗೆ ಇದನ್ನು ಹೇಳಲು ನನ್ನ ನಾಲಿಗೆ ಏಳುವುದಿಲ್ಲ.

ಪೇಟೆಯ ಮಗಳು

ಹೇಳಿ. ಆದರೆ ಬಾಗಿಲು ಯಾಕೆ ಬೀಳುತ್ತಿತ್ತು ಎಂದು ಅವರನ್ನೇ ಕೇಳಿ. ನನ್ನ ಮಗ "ಅಡಿಪಾಯ ಸರಿಯಿರಲಿಲ್ಲ, ಅದಕ್ಕೆ ಅವಳನ್ನು ಯಾಕೆ ಕೊಲ್ಲಬೇಕಿತ್ತು" ಎಂದು ಅಳುತ್ತ ಕೇಳಿದ್ದ. ಅಷ್ಟು ಸಾಕು.

ಕೆರೆಯ ಏರಿ

ಇಲ್ಲಿಯವರೆಗೆ ಎಲ್ಲರೂ ಕಟ್ಟಡಗಳನ್ನೇ ಹೇಳಿದಿರಿ. ನಾನು ಕಾಣದ ಗುರುತುಗಳ ಬಗ್ಗೆ ಬರೆಯಬೇಕು.

ಬೆಂಗಳೂರು ದಿಬ್ಬದ ಮೇಲಿನ ಊರು. ಹತ್ತಿರದಲ್ಲಿ ದೊಡ್ಡ ನದಿ ಇಲ್ಲ. ಅಂಥ ಜಾಗದಲ್ಲಿ ಪೇಟೆ ಕಟ್ಟಬೇಕಾದರೆ ಮೊದಲು ಮಳೆನೀರನ್ನು ತಡೆದು ನಿಲ್ಲಿಸಬೇಕು. ಹಾಗಾಗಿ ಕೆರೆಗಳು. ಪೇಟೆಯ ವಾಯವ್ಯಕ್ಕೆ ಧರ್ಮಾಂಬುಧಿ, ನೈಋತ್ಯಕ್ಕೆ ಕೆಂಪಾಂಬುಧಿ, ಪೂರ್ವಕ್ಕೆ ಸಂಪಂಗಿ. ಈಗಿನ ಕೆ.ಆರ್. ಮಾರುಕಟ್ಟೆಯ ಜಾಗದಲ್ಲಿ ಸಿದ್ದಿಕಟ್ಟೆ ಎಂಬ ನೀರಿನ ಕಟ್ಟೆ ಇತ್ತು.

ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವವರು ಯಾವತ್ತಾದರೂ ಆ ಜಾಗ ಸುತ್ತಲಿಗಿಂತ ತಗ್ಗಾಗಿದೆ ಎಂದು ಗಮನಿಸಿದ್ದೀರಾ? ನೀವು ನಿಂತಿರುವುದು ಧರ್ಮಾಂಬುಧಿಯ ಅಂಗಳದಲ್ಲಿ. ಪಕ್ಕದ ರಸ್ತೆಗೆ ಇಂದಿಗೂ ಟ್ಯಾಂಕ್ ಬಂಡ್ ರಸ್ತೆ ಎಂದೇ ಹೆಸರು, ಅಂದರೆ ಕೆರೆಯ ಏರಿ. ಅಣ್ಣಮ್ಮ ದೇವಿ ಅಲ್ಲಿ ಕೆರೆಯ ದಡದಲ್ಲಿ ಕೂತವಳು, ನೀರು ಹೋದರೂ ತಾಯಿ ಎದ್ದಿಲ್ಲ. ಮೆಜೆಸ್ಟಿಕ್ ಎಂಬ ಹೆಸರು ಬಂದದ್ದು ಒಂದು ಚಿತ್ರಮಂದಿರದಿಂದ. ಈಗ ಅದೂ ಇಲ್ಲ.

ಕೆರೆಗಳು ಯಾಕೆ ಹೋದವು ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು. 1894ರಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಕೊಳವೆಯಲ್ಲಿ ನೀರು ಬಂತು. ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ. ಅದು ದೊಡ್ಡ ಸಾಧನೆ, ಜನಕ್ಕೆ ಶುದ್ಧ ನೀರು ಸಿಕ್ಕಿತು. ಆದರೆ ನಲ್ಲಿ ಬಂದ ಮೇಲೆ ಊರಿನೊಳಗಿನ ಕೆರೆ ಯಾರಿಗೂ ಬೇಡವಾಯಿತು. ಹೂಳೆತ್ತಲಿಲ್ಲ, ಕಾಲುವೆ ಮುಚ್ಚಿತು, ಸೊಳ್ಳೆಯ ಗುಂಡಿ ಎಂದರು, ಕೊನೆಗೆ ಖಾಲಿ ಜಾಗ ಎಂದರು. ಖಾಲಿ ಜಾಗ ಎಂಬ ಮಾತು ಕೇಳಿದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಕಬ್ಬನ್ ಪಾರ್ಕಿನ ಕೆಂಪು ಗ್ರಂಥಾಲಯ, 1915ರದ್ದು, ಅದೇ ಶೇಷಾದ್ರಿ ಅಯ್ಯರ್ ಅವರ ಸ್ಮಾರಕ. ಅವರನ್ನು ದೂರಲು ಹೇಳುತ್ತಿಲ್ಲ. ನಲ್ಲಿ ತಂದವರಿಗೆ ಕೆರೆ ಮುಚ್ಚುವ ಉದ್ದೇಶವಿರಲಿಲ್ಲ.

ಈಗ ಮುಖ್ಯವಾದದ್ದು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂದಿದೆ. ಆದರೆ ಕ್ರೀಡಾಂಗಣದ ಆವರಣದ ಒಂದು ಮೂಲೆಯಲ್ಲಿ ಚಿಕ್ಕ ಕೊಳವನ್ನು ಉಳಿಸಿದ್ದಾರೆ. ಯಾಕೆಂದರೆ ಚೈತ್ರದಲ್ಲಿ ಧರ್ಮರಾಯನ ಗುಡಿಯ ಕರಗ ಉತ್ಸವಕ್ಕೆ ಸಂಪಂಗಿ ಕೆರೆಯ ನೀರೇ ಬೇಕು. ತೋಟ ಮಾಡಿಕೊಂಡಿದ್ದ ತಿಗಳರು ಆ ಕೆರೆಯ ನೀರಿನಿಂದ ಬದುಕಿದವರು. ಕೆರೆ ಹೋದರೂ ಅವರು ನಡೆ ಬಿಡಲಿಲ್ಲ, ಹಾಗಾಗಿ ಒಂದು ಬೊಗಸೆ ನೀರು ಉಳಿಯಿತು.

ಕರಿಕೋಟು

ನಾನು ಹುಟ್ಟಿದ್ದು ಇಲ್ಲೇ. ಆ ಕೊಳದ ವಿಷಯ ಇವತ್ತೇ ತಿಳಿಯಿತು. ಧನ್ಯವಾದ.

ಕಲ್ಲು ಕಬ್ಬಿಣ

ಲಾಲ್‌ಬಾಗ್ ಯಾರೂ ಹೇಳಲಿಲ್ಲ. 1760ರಲ್ಲಿ ಹೈದರಾಲಿ ತೋಟ ಹಾಕಿಸಿದ, ಟಿಪ್ಪು ದೂರದೂರದ ಗಿಡ ತರಿಸಿ ಬೆಳೆಸಿದ. ಗಾಜಿನ ಮನೆಗೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿ, ಜಾನ್ ಕ್ಯಾಮೆರಾನ್ ಉದ್ಯಾನದ ಮೇಲ್ವಿಚಾರಕರಾಗಿದ್ದ ಕಾಲ. ಎರಕದ ಕಬ್ಬಿಣ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂತು.

ಆದರೆ ಅಲ್ಲಿ ಎಲ್ಲಕ್ಕಿಂತ ಹಳೆಯದು ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಅದರ ನೆತ್ತಿಯ ಮೇಲೆ ಕೆಂಪೇಗೌಡ ಗೋಪುರ. ಇಂಥವು ಒಟ್ಟು ನಾಲ್ಕು: ಇನ್ನೊಂದು ಕೆಂಪಾಂಬುಧಿ ಕೆರೆಯ ಬಳಿ, ಮತ್ತೊಂದು ಹಲಸೂರು ಕೆರೆಯ ಬಳಿ, ನಾಲ್ಕನೆಯದು ಮೇಖ್ರಿ ವೃತ್ತದ ಹತ್ತಿರ. ಊರು ಇದನ್ನು ದಾಟಿ ಬೆಳೆದರೆ ಕೇಡು ಎಂದು ನುಡಿದು ನಿಲ್ಲಿಸಿದರು ಎಂಬುದು ಜನರ ಮಾತು.

ಶಾಸನದ ಸಾಲು

ಒಂದು ತಿದ್ದುಪಡಿ. ಗೋಪುರಗಳನ್ನು ಕಟ್ಟಿಸಿದ್ದು ಊರು ಕಟ್ಟಿದ ಕೆಂಪೇಗೌಡರಲ್ಲ, ಅವರ ನಂತರ ಬಂದ ಇಮ್ಮಡಿ ಕೆಂಪೇಗೌಡರು ಎಂದು ಹೇಳುತ್ತಾರೆ. ಇಬ್ಬರನ್ನೂ ಒಬ್ಬರನ್ನಾಗಿ ಮಾಡುವುದು ಬಹಳ ಕಡೆ ಕಾಣುವ ತಪ್ಪು.

ಪಾರ್ಕಿನ ಬೆಂಚು

ಬೆಂಗಳೂರು ಅರಮನೆಯನ್ನೂ ಮಕ್ಕಳು ಕೇಳಬಹುದು. ಅದು ರಾಜರು ಆರಂಭಿಸಿದ್ದಲ್ಲ. ಸೆಂಟ್ರಲ್ ಹೈಸ್ಕೂಲಿನ ಪ್ರಾಂಶುಪಾಲರಾಗಿದ್ದ ಗ್ಯಾರೆಟ್ ಎಂಬ ಪಾದ್ರಿಯಿಂದ 1873ರಲ್ಲಿ ಬಾಲಕ ಚಾಮರಾಜೇಂದ್ರ ಒಡೆಯರ ಪರವಾಗಿ 40,000 ರೂಪಾಯಿಗೆ ಕೊಂಡದ್ದು. ಒಂದೇ ದಿನದಲ್ಲಿ ಅಷ್ಟು ದೂರ ಆಗಲಾರದು, ಬಿಟ್ಟುಬಿಡಿ.

ಭಾನುವಾರದ ನಡಿಗೆ

ನೀವೆಲ್ಲ ಬರೆದದ್ದನ್ನು ಕಾಗದದ ಮೇಲೆ ಸಾಲಾಗಿ ಇಟ್ಟುಕೊಂಡೆ. ಒಂದು ವಿಷಯ ಹೊಳೆಯಿತು. ಸೌಧ ಅಲ್ಲಿರುವುದು ಅಠಾರ ಕಚೇರಿಯಿಂದ, ಅಠಾರ ಕಚೇರಿ ಬಂದದ್ದು ಕೋಟೆಯ ಅರಮನೆಯಿಂದ, ಕೋಟೆ ಇದ್ದದ್ದು ಪೇಟೆಗಾಗಿ, ಪೇಟೆ ನಿಂತದ್ದು ಕೆರೆಯಿಂದ. ನಡಿಗೆಯ ದಾರಿಯೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಹೋಗುತ್ತದೆ! ವಿಧಾನಸೌಧದಿಂದ ಹೊರಟು, ಹೈಕೋರ್ಟ್, ಕಬ್ಬನ್ ಪಾರ್ಕ್, ಕಂಠೀರವದ ಕೊಳ, ಪಾಲಿಕೆಯ ಬಳಿ ಕೆಂಪೇಗೌಡರು, ಅವೆನ್ಯೂ ರಸ್ತೆ, ಕೋಟೆ. ಅಲ್ಲಿಂದ ಬಸ್ಸಿನಲ್ಲಿ ಲಾಲ್‌ಬಾಗಿಗೆ ಹೋಗಿ ಬಂಡೆಯ ಮೇಲೆ ಬುತ್ತಿ ಬಿಚ್ಚುವುದು.

ಕಾಲವನ್ನು ಹಿಂದಕ್ಕೆ ನಡೆಸಿಕೊಂಡು ಹೋಗುತ್ತೇನೆ. ಕಂಠೀರವ ಮಾತ್ರ ಕ್ರಮ ತಪ್ಪುತ್ತದೆ, ಪರವಾಗಿಲ್ಲ.

ಹಳೆಯ ಕಡತ

ಏಳು ಗಂಟೆಗೆ ಮೊದಲು ಸೌಧದ ಮುಂದೆ ಇರಿ. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಮಕ್ಕಳು ನಿಶ್ಚಿಂತೆಯಿಂದ ಓಡಬಹುದು.

ಕೋಟೆ ಬಾಗಿಲು

ಕೋಟೆಯ ಹತ್ತಿರ ಬಂದಾಗ ತಿಳಿಸಿ, ನೀರು ಮಜ್ಜಿಗೆ ನಮ್ಮ ಮನೆಯಿಂದ ತರುತ್ತೇನೆ. ಫಲಕದ ವಿಷಯವನ್ನು ನಾನೇ ಹೇಳಬೇಕೆಂಬ ಆಸೆಯಿದೆ.

ಭಾನುವಾರದ ನಡಿಗೆ

ನಡಿಗೆ ಮುಗಿಸಿ ಬಂದೆವು. ಹನ್ನೆರಡರ ಬದಲು ಹದಿನಾಲ್ಕು ಮಕ್ಕಳಿದ್ದರು. ಉಳಿಯ ಗುರುತು ಹೇಳಿದಂತೆಯೇ ಕಂಡಿತು, ಅಕ್ಕಿ ಚೆಲ್ಲಿದ ಹಾಗೆ. ಕಬ್ಬನ್ ಪಾರ್ಕಿನಲ್ಲಿ ಅಳಿಲುಗಳೇ ಗೆದ್ದವು, ಅಲ್ಲಿ ನಾನು ಹೇಳಿದ್ದನ್ನು ಯಾರೂ ಕೇಳಲಿಲ್ಲ. ಕೋಟೆಯ ಮುಂದೆ ಮಜ್ಜಿಗೆ ಕುಡಿದು, ಇಬ್ಬರು ಹುಡುಗರು ಗೋಡೆಯುದ್ದಕ್ಕೂ ಸೋತವರ ಫಲಕ ಹುಡುಕುತ್ತ ಹೋದರು. ಅವರನ್ನು ಕರೆತರಲು ಹತ್ತು ನಿಮಿಷ ಹಿಡಿಯಿತು.

ಪ್ರಶ್ನೆ ಕೇಳಿದ ಹುಡುಗಿ ಸಂಪಂಗಿ ಕೊಳದ ಬೇಲಿಯ ಹತ್ತಿರ ಬಹಳ ಹೊತ್ತು ನಿಂತಳು. ನೀರು ಹಸಿರಾಗಿತ್ತು, ಮೇಲೆ ಎಲೆಗಳು ಬಿದ್ದಿದ್ದವು. ಆಚೆ ಕ್ರೀಡಾಂಗಣದಲ್ಲಿ ಯಾರೋ ಓಟದ ಅಭ್ಯಾಸ ಮಾಡುತ್ತಿದ್ದರು, ಶಿಳ್ಳೆ ಕೇಳುತ್ತಿತ್ತು. "ಕೆರೆ ಎಲ್ಲಿಯವರೆಗೆ ಇತ್ತು?" ಎಂದಳು. ಗೊತ್ತಿದ್ದಷ್ಟು ಕೈ ತೋರಿಸಿದೆ. ಅವಳು ತಿರುಗಿ, ನಾವು ನಡೆದು ಬಂದ ರಸ್ತೆಯನ್ನು ನೋಡಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಳು. ಯಾಕೆ ಎಂದು ಕೇಳಿದೆ. "ನಾವು ನೀರಿನಲ್ಲಿ ಇದ್ದೇವಲ್ಲ" ಅಂದಳು.

ಕೆರೆಯ ಏರಿ

ಚೈತ್ರದಲ್ಲಿ ಅವಳನ್ನು ಕರಗಕ್ಕೆ ಕರೆದುಕೊಂಡು ಬನ್ನಿ. ಹುಣ್ಣಿಮೆಯ ರಾತ್ರಿ, ತಿಗಳರಪೇಟೆಯ ಧರ್ಮರಾಯನ ಗುಡಿಯ ಮುಂದೆ. ಜನ ಹೆಚ್ಚು, ಬೇಗ ಬಂದು ಜಾಗ ಹಿಡಿಯಬೇಕು. ನಾನು ಅಲ್ಲೇ ಇರುತ್ತೇನೆ.